ವೃಷಭಾಚಲದ ಬಂಡೆ
(ಸಂಘದ ವಾರ್ಷಿಕ ಉಪನ್ಯಾಸದ ಲಿಖಿತ ರೂಪ)



ಹಿಂದಿನವರು ಎಡವಿದ ಕಲ್ಲಿಗೇ ಮುಂದಿನವರೂ ಎಡವುವುದು ಸಾಮ್ರಾಜ್ಯಗಳ ಕತೆ. ಇದನ್ನರಿಯಲು ನಾವು ರೋಮಿನ ಚರಿತ್ರೆಯನ್ನು ತೆರೆಯಬೇಕಾಗಿಲ್ಲ. ಆದಿಕವಿ ಪಂಪನು ಕ್ರಿ.ಶ. 941ರ ಸುಮಾರಿಗೆ ರಚಿಸಿದ ‘ಆದಿಪುರಾಣ’ದಲ್ಲಿಯೇ ಇದರ ನಿರೂಪಣೆಯಿದೆ.

ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ತನ್ನ ವಿಜಯವನ್ನು ಕೆತ್ತಿಸಲು ವೃಷಭಾಚಲಕ್ಕೆ ಬರುತ್ತಾನೆ. ಬಂದು ನೋಡಿದರೆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು. ಅವನ ಹೆಸರಿಗೆ ಎಡೆಯೇ ಇಲ್ಲ. ಗರ್ವ ಕರಗುತ್ತದೆ. ಆದರೂ ಒಬ್ಬನ ಪ್ರಶಸ್ತಿಯನ್ನು ಅಳಿಸಿ, ಅಲ್ಲಿ ತನ್ನದನ್ನು ಬರೆಸಿಯೇ ಹಿಂದಿರುಗುತ್ತಾನೆ. ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಿಂದ ಪಂಪನು ಪಡೆದ ಪ್ರಸಂಗವಿದು. ಇದರ ಮರ್ಮವಿರುವುದು ಮುಂದಿನ ಕತೆಯಲ್ಲಿ. ಚಕ್ರರತ್ನವು ಅಯೋಧ್ಯೆಯ ಹೊರಬಾಗಿಲಲ್ಲಿ ನಿಂತಾಗ ಅದೇ ಭರತ ಒಡಹುಟ್ಟಿದವರ ಶರಣಾಗತಿಯನ್ನು ಬಯಸುತ್ತಾನೆ. ಬಾಹುಬಲಿಯೊಡನೆ ಹೋರಿ ಸೋಲುತ್ತಾನೆ. ಗೆದ್ದ ಬಾಹುಬಲಿ ರಾಜ್ಯವನ್ನೇ ತೊರೆಯುತ್ತಾನೆ. ಬಂಡೆಯ ಮುಂದೆ ಕಲಿತ ಪಾಠ ಭರತನ ಊರಬಾಗಿಲವರೆಗೂ ಉಳಿಯಲಿಲ್ಲ.

ಪಂಪನ ಕಾಲವೇ ಇದಕ್ಕೆ ಸಾಕ್ಷಿ. ಅವನ ಆಶ್ರಯದಾತ ಅರಿಕೇಸರಿಯು ರಾಷ್ಟ್ರಕೂಟರ ಸಾಮಂತ. ಕಂಚಿ, ತಂಜಾವೂರುಗಳನ್ನು ಗೆದ್ದವನೆಂಬ ಬಿರುದು ಹೊತ್ತ ಮೂರನೆಯ ಕೃಷ್ಣನು 967ರಲ್ಲಿ ತೀರಿದ. ಐದೇ ವರ್ಷಗಳಲ್ಲಿ ಪರಮಾರ ಸೀಯಕನು ರಾಜಧಾನಿ ಮಾನ್ಯಖೇಟವನ್ನು ಸೂರೆಮಾಡಿದ. 973ರಲ್ಲಿ ಚಾಲುಕ್ಯ ತೈಲಪನು ಆ ಆಳ್ವಿಕೆಯನ್ನೇ ಕೊನೆಗಾಣಿಸಿದ.

ನಾವು ನೆಲೆಸಿರುವ ಈ ಮುಂಬಯಿಯೂ ಒಂದು ವೃಷಭಾಚಲವೇ. 1534ರಲ್ಲಿ ವಸಯಿಯನ್ನು ಪಡೆದ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. 1739ರಲ್ಲಿ ಅದು ಮರಾಠರ ವಶವಾಯಿತು. ಆ ಕೋಟೆಯ ಗತಿ ಕಣ್ಣೆದುರಿಗಿದ್ದರೂ ಬ್ರಿಟಿಷರು ತಮ್ಮ ಚಕ್ರವರ್ತಿಯ 1911ರ ಆಗಮನದ ನೆನಪಿಗಾಗಿ ಅಪೊಲೊ ಬಂದರಿನಲ್ಲಿ ಗೇಟ್‌ವೇ ಕಟ್ಟಿಸಿದರು. ಅದು ಪೂರ್ಣಗೊಂಡದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಅವರ ಕೊನೆಯ ಸೈನಿಕರು ಅದೇ ಕಮಾನಿನಡಿ ಹಾದು ನಿರ್ಗಮಿಸಿದರು.

ಬಂಧುಗಳೇ, ಈ ಮಾತು ನಮಗೂ ಸಲ್ಲುತ್ತದೆ. ಕೊಂಕಣವು ಒಂದು ಕಾಲಕ್ಕೆ ರಾಷ್ಟ್ರಕೂಟರ ಅಧೀನದಲ್ಲಿತ್ತೆಂದು ನಮ್ಮ ವೇದಿಕೆಗಳಲ್ಲಿ ಎದೆಯುಬ್ಬಿಸಿ ನುಡಿಯುವುದುಂಟು. ಅದು ಸತ್ಯವೇ. ಆದರೆ ಈ ನಗರದಲ್ಲಿ ಇಂದಿನ ಕನ್ನಡವನ್ನು ಬೇರೂರಿಸಿದವರಲ್ಲಿ, ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರ ಪಾಲು ದೊಡ್ಡದು. ಮಾತು ಬಂದರೂ ಲಿಪಿ ಬಾರದ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವಾಗ, ಆ ದಿಗ್ವಿಜಯಗಳ ಶಾಸನವನ್ನು ನಾಳೆ ಓದುವವರಾರು?

ಪಂಪನೂ ಇಂದಿನ ಕರ್ನಾಟಕದ ಹೊರಗೆ, ತೆಲಂಗಾಣದ ವೇಮುಲವಾಡದಲ್ಲಿ, ಆಶ್ರಯ ಪಡೆದಿದ್ದವನು. ಅವನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರಿಕ್ಯಾಲದಲ್ಲಿ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಟ್ಟಿಗಿವೆ. ಒಂದಕ್ಕಾಗಿ ಇನ್ನೊಂದನ್ನು ಅಲ್ಲಿ ಅಳಿಸಿಲ್ಲ. ಮರಾಠಿಯ ಮಗ್ಗುಲಲ್ಲಿ ಬಾಳುವ ನಮಗೆ ಭರತನ ಬಂಡೆಗಿಂತ ಈ ಬಂಡೆ ಮಾದರಿಯಾಗಲಿ. ಸಂಘವು ವಾರಕ್ಕೆ ಎರಡು ಸಂಜೆಯಾದರೂ ಅಕ್ಷರ ಕಲಿಸುವ ತರಗತಿ ನಡೆಸಲಿ. ನೆರೆಯ ಮರಾಠಿ ಮಕ್ಕಳಿಗೂ ಅಲ್ಲಿ ಎಡೆಯಿರಲಿ.