ಉರುಳುವ ಮನೆಗೆ ನೆರಳು



ಮನೆಯೆಂದರೆ ನೆಲಕ್ಕೆ ನೆಟ್ಟು ನಿಂತದ್ದು ಎಂಬುದು ನಮ್ಮ ಸಾಮಾನ್ಯ ಭಾವನೆ. ಆದರೆ ಉರುಳುವ ಮನೆಗಳೂ ಉಂಟು. ಪರದೇಶಗಳಲ್ಲಿ ಅನುಕೂಲಸ್ಥರು ಹಾಸಿಗೆ, ಒಲೆ, ಬಚ್ಚಲುಗಳನ್ನೆಲ್ಲ ಗಾಡಿಯೊಳಗೇ ಕಟ್ಟಿಸಿಕೊಂಡು ಮರುಭೂಮಿಯನ್ನೂ ಸುತ್ತಿ ಬರುತ್ತಾರೆ. ಅಂಥ ಗಾಡಿಗೆ ಮೋಟರ್‌ಹೋಮ್ ಎಂದು ಹೆಸರು. ನಮ್ಮ ಕೋಲಾರ ಸೀಮೆಯಲ್ಲಿಯೂ ಉರುಳುವ ಮನೆಯ ನಿವಾಸಿಗಳಿದ್ದಾರೆ. ಅವರು ವಿಹಾರಿಗಳಲ್ಲ, ದುಡಿಮೆಗಾರರು. ಕೋಲಾರದ ಟೊಮೇಟೊವನ್ನೋ ಶ್ರೀನಿವಾಸಪುರದ ಮಾವನ್ನೋ ಹೊತ್ತು ಉತ್ತರ ದೇಶಕ್ಕೆ ಹೊರಡುವ ಲಾರಿಯ ಚಾಲಕನಿಗೆ ಕ್ಯಾಬಿನ್ನೇ ಹಲವು ದಿನಗಳ ಮನೆ. ಊಟ ಅಲ್ಲಿ, ನಿದ್ದೆ ಅಲ್ಲಿ, ದೇವರ ಪಟವೂ ಅಲ್ಲಿಯೇ. ಈ ಮನೆ ಬೇಸಗೆಯಲ್ಲಿ ತಂಪಾಗಿರುವುದು ಹೇಗೆ ಎಂಬುದೇ ಇಂದಿನ ಮಾತು.

ನಮ್ಮ ಸೀಮೆ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ನೀರಿಗೆ ಬರವುಂಟು, ಆದರೆ ಬಿಸಿಲಿಗೆ ಒಂದು ಮಿತಿಯುಂಟು. ಉಷ್ಣತೆ 40 ಡಿಗ್ರಿ ಮುಟ್ಟುವುದೇ ಅಪರೂಪ. ರಾಜಸ್ಥಾನದ ಫಲೋದಿಯಲ್ಲಾದರೋ 2016ರ ಮೇ 19ರಂದು 51 ಡಿಗ್ರಿ ದಾಖಲಾಯಿತು. ಮಾವಿನ ಕಾಲವೂ ಮರುಭೂಮಿಯ ಉರಿಬೇಸಗೆಯೂ ಒಂದರ ಮೇಲೊಂದು ಬರುತ್ತವೆ. ಮನುಷ್ಯದೇಹ ಹೊಸ ಸೆಕೆಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಎರಡು ಮೂರು ದಿನಗಳಲ್ಲಿ ಅಲ್ಲಿಗೆ ಮುಟ್ಟುವ ನಮ್ಮ ಚಾಲಕನಿಗೆ ಆ ಅವಕಾಶ ಎಲ್ಲಿ?

ನಮ್ಮ ಹಿರಿಯರ ಉರುಳುವ ಮನೆ ಕಮಾನು ಗಾಡಿ. ಬಿದಿರು ದಬ್ಬೆಗಳನ್ನು ಬಾಗಿಸಿ ಮೇಲೆ ಚಾಪೆ ಹೊದಿಸುತ್ತಿದ್ದರು. ಹಿಂದೆಮುಂದೆ ಬಯಲು, ಕೆಳಗೆ ಹುಲ್ಲಿನ ಹಾಸು. ಚಾಪೆ ಬಿಸಿಲನ್ನು ಹೊರಗೇ ತಡೆಯುತ್ತಿತ್ತು, ಗಾಳಿ ಈ ಬಾಯಿಂದ ಆ ಬಾಯಿಗೆ ಹರಿಯುತ್ತಿತ್ತು. ಪಯಣ ರಾತ್ರಿಯ ತಂಪಿನಲ್ಲಿ, ಹಗಲಿನ ತಂಗು ತೋಪಿನಲ್ಲಿ. ತಂಪಿನ ಶಾಸ್ತ್ರವೆಲ್ಲ ಇಷ್ಟರಲ್ಲೇ ಇದೆ: ಶಾಖವನ್ನು ಒಳಗೆ ಬಿಡಬೇಡ, ಬಂದದ್ದಕ್ಕೆ ಹೊರದಾರಿ ಕೊಡು, ಹೊತ್ತು ನೋಡಿ ನಡೆ.

ಲಾರಿಯ ಕ್ಯಾಬಿನ್ ಇದಕ್ಕೆ ತೀರ ವಿರುದ್ಧ. ಮೇಲೆ ಕಬ್ಬಿಣದ ತಗಡು, ಎದುರಿಗೆ ದೊಡ್ಡ ಗಾಜು, ಬಹಳ ಲಾರಿಗಳಲ್ಲಿ ಕಾಲಬುಡದಲ್ಲೇ ಇಂಜಿನ್. ನಡುಹಗಲಿನ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವ್ಯಾಟ್ ಶಾಖವನ್ನು ಸುರಿಯುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿಟ್ಟಂತೆ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಒಳಗೆ ಕಾದ ವಸ್ತುಗಳ ಶಾಖವನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಒಳಗೆ ಎಳೆದ ಪರದೆಗಿಂತ ಹೊರಗೆ ಹೊದಿಸಿದ ಬಟ್ಟೆ ಮೇಲು. ಲಾರಿ ನಿಂತಾಗ ಗಾಜಿನ ಮೇಲೆ ಹೊರಗಿನಿಂದ ಮುಸುಕು ಹಾಕಬೇಕು. ಮೋರೆಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಬೇಕು. ತಲೆಯ ತಗಡಿಗೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಿರುಗುತ್ತದೆ. ಅದರ ಮೇಲೆ ಗೇಣೆತ್ತರ ಬಿಟ್ಟು ಇನ್ನೊಂದು ಹೊದಿಕೆಯನ್ನು ಭದ್ರವಾಗಿ ಕಟ್ಟಿದರೆ ನಡುವೆ ಗಾಳಿ ಆಡುತ್ತದೆ. ಮಾಲೂರಿನ ಹೆಂಚು ಹೊದಿಸಿದ ಮನೆಯಲ್ಲಿ ಸಂದುಗಳಿಂದ ಬಿಸಿಗಾಳಿ ಹೊರಟುಹೋಗುವುದನ್ನು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ.

ಇನ್ನು ನೀರು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಹೀರುವ ಶಾಖ, ಆ ಇಸ್ತ್ರಿ ಪೆಟ್ಟಿಗೆ ಸುಮಾರು 40 ನಿಮಿಷ ಉರಿದು ಕೊಡುವಷ್ಟು! ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ಹಳೆಯ ಪದ್ಧತಿಯ ಗುಟ್ಟು ಇದೇ. ನಿಂತ ಲಾರಿಯ ನೆತ್ತಿಗೂ ಕಿಟಕಿಗೂ ಒದ್ದೆ ಗೋಣಿ ಹಾಕಿದರೆ ಮರುಭೂಮಿಯ ಒಣಗಾಳಿಯಲ್ಲಿ ಅದು ಅಮೃತ. ಆದರೆ ಒದ್ದೆಗಾಳಿ ಹೊರಹೋಗಲು ಎದುರಿನ ಕಿಟಕಿ ತೆರೆದಿರಬೇಕು. ಇದೇ ಉಪಾಯ ಎಲ್ಲೆಡೆಯೂ ನಡೆಯದು. ಮುಳಬಾಗಿಲು ದಾಟಿ, ಘಟ್ಟವಿಳಿದು ಚೆನ್ನೈ ಸೇರುವ ಲಾರಿಗೆ ಕಡಲಗಾಳಿಯೇ ನೀರು ಕುಡಿದು ತಣಿದಿರುತ್ತದೆ. ಅಲ್ಲಿ ಒದ್ದೆ ಗೋಣಿಯಿಂದ ಸೆಕೆ ಹೆಚ್ಚಬಹುದು. ಅಲ್ಲಿ ನೆರಳು ಮತ್ತು ಗಾಳಿಯನ್ನೇ ನಂಬಬೇಕು.

ಗಾಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಬೀಸಿದಷ್ಟೂ ಶಾಖವನ್ನೇ ತರುತ್ತದೆ. ಆಗ ಕಾಯುವುದು ಬೆವರು ಮಾತ್ರ. ಕೊರಳಿಗೆ ಒದ್ದೆ ಟವಲು, ಬಾಯಾರುವ ಮೊದಲೇ ನೀರು, ಉಪ್ಪು ಬೆರೆಸಿದ ಮಜ್ಜಿಗೆ: ಇವು ಹೊಟ್ಟೆಪಾಡಿನಷ್ಟೇ ಮುಖ್ಯ. ಮಾತು ತೊದಲಿ, ದಿಕ್ಕು ತೋಚದಂತಾದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಬೀಸುತ್ತ, ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಹವಾನಿಯಂತ್ರಣವಿಲ್ಲವೆ ಎಂದು ತಾವು ಕೇಳಬಹುದು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಅದು ಕಡ್ಡಾಯವೆಂಬ ನಿಯಮ 2025ರಲ್ಲಿ ಜಾರಿಗೆ ಬಂದಿದೆ. ಸ್ವಾಗತಾರ್ಹವೇ. ಆದರೆ ಹಳೆಯ ಲಾರಿಗಳಿಗೆ ಈ ಭಾಗ್ಯವಿಲ್ಲ. ಹೊಸದರಲ್ಲಿಯೂ ಸಾಮಾನ್ಯವಾಗಿ ಯಂತ್ರ ತಂಪು ಕೊಡುವುದು ಇಂಜಿನ್ ಓಡುವಾಗ. ಓಡಿದರೆ ಡೀಸೆಲ್ ಉರಿಯುತ್ತದೆ, ಡೀಸೆಲ್ಲಿನ ಲೆಕ್ಕ ಮಾಲೀಕನ ಕೈಯಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ರಾತ್ರಿಯೆಲ್ಲ ಓಡಿಸಿದವನು ಹಗಲು ಮಲಗುವುದು ನಿಂತ ಲಾರಿಯಲ್ಲಿ. ನಿದ್ದೆಗೆಟ್ಟ ಕಣ್ಣು ಮರುರಾತ್ರಿ ಹೆದ್ದಾರಿಯಲ್ಲಿ ತೂಕಡಿಸಿದರೆ ಅಪಾಯ ಅವನೊಬ್ಬನದಲ್ಲ, ಎದುರು ಬರುವವರದೂ ಹೌದು.

ಟೊಮೇಟೊ ಕೊಳೆಯಬಾರದೆಂದು ಗಾಳಿಯಾಡುವ ಕ್ರೇಟುಗಳಲ್ಲಿ ತುಂಬುತ್ತೇವೆ. ಹಣ್ಣು ಬಾಡೀತೆಂದು ಮಂಡಿಯ ಸೂರಿನ ಕೆಳಗಿಡುತ್ತೇವೆ. ಲೋಡಿಗಾಗಿ ಕಾದು ನಿಂತ ಲಾರಿಯೋ ಹಲವೆಡೆ ಬಿಸಿಲಲ್ಲೇ. ಚಾಲಕನಿಗೆ ಬೇಕಾದದ್ದು ಅರಮನೆಯಲ್ಲ: ಮಂಡಿಯಲ್ಲಿ ಸಾಲುಮರ, ಮಲಗಲು ಒಂದು ಜಗಲಿ, ಕ್ಯಾಬಿನ್ನಿನ ನೆತ್ತಿಗೆ ಒಂದು ಡಬ್ಬಿ ಬಿಳಿ ಬಣ್ಣ, ತಲಪುವ ಗಡುವಿನಲ್ಲಿ ನಾಲ್ಕು ಗಂಟೆಯ ಸಡಿಲ. ಸಾಲುಮರ ನೆಟ್ಟು ಅರವಟ್ಟಿಗೆ ಇಟ್ಟವರ ನಾಡು ನಮ್ಮದು. ಹಣ್ಣಿಗೆ ನಾವು ತೋರುವ ಕಾಳಜಿಯಲ್ಲಿ ಒಂದು ಪಾಲು ಹಣ್ಣು ಹೊತ್ತವನಿಗೂ ಸಲ್ಲಲಿ.