ಹೆದರಿಕೆಯನ್ನು ಬಿಡಿಸಿ ನೋಡೋಣ
(ಬಿಳಗಿಯಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಕವಿತೆ ಓದಲಿಕ್ಕೆ ಅಂತ ನನ್ನನ್ನು ಕರೆದಿರಿ. ನಾನು ಮಾತಾಡಬೇಕೆಂದಿರುವುದು ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ಚಾದರದೊಳಗೆ ನಡೆಯುವ ಸಂಗತಿ. ಹೆದರಿಕೆ.

ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆ ಬಗ್ಗೆ ಹೇಳಿಕೊಡಬೇಕಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರ. 2024ರಲ್ಲಿ ನಮ್ಮ ತಾಲೂಕನ್ನೂ ಕಾಡಿತು. ದರಕಿಗೆ, ಸೌದೆಗೆ ಕಾಡಿಗೆ ಹೋಗುವ ತಾಯಂದಿರು ಉಣುಗಿಗೆ ಹೆದರುತ್ತಾರೆ. ಹೆದರಲೇಬೇಕು. ಅದಕ್ಕೇ ಕೈಕಾಲಿಗೆ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ ಹೋಗ್ತಾರೆ, ಬಂದು ಬಿಸಿನೀರಲ್ಲಿ ಮೈ ತೊಳೀತಾರೆ. ಇದು ಭಯ, ಕಣ್ಣೆದುರಿನ ಅಪಾಯಕ್ಕೆ ಮೈ ಕೊಡುವ ಎಚ್ಚರಿಕೆ. ಜ್ವರವಿಲ್ಲದ ಊರಲ್ಲೂ, ಸುರಿವ ಮಳೆಗಾಲದಲ್ಲೂ ‘ಏನಾದ್ರೂ ಆಗಿಬಿಟ್ರೆ’ ಅಂತ ಹೊಸ್ತಿಲು ದಾಟದೆ ಕೂತರೆ ಅದು ಆತಂಕ.

ಆಪ್ತಸಮಾಲೋಚಕರ ಮೊದಲ ಕೆಲಸ ಈ ಎರಡನ್ನು ಬಿಡಿಸುವುದು. ‘ಹೆದರಬೇಡ’ ಅಂತ ಬೆನ್ನು ತಟ್ಟಿ ಕಳಿಸೋದಿಲ್ಲ. ಯಾವಾಗ, ಎಲ್ಲಿ, ಯಾರ ಮುಂದೆ, ಮೈಯಲ್ಲಿ ಏನಾಯಿತು, ಆಮೇಲೆ ನೀನು ಏನು ಮಾಡಿದೆ ಅಂತ ಕೇಳ್ತಾರೆ. ಕೊನೆಯ ಪ್ರಶ್ನೆಯಲ್ಲೇ ಗುಟ್ಟಿದೆ. ಇಂಗ್ಲಿಷ್ ಪಾಠದಲ್ಲಿ ಎದ್ದು ನಿಲ್ಲಿಸ್ತಾರೆ ಅಂತ ಒಬ್ಬ ಕ್ಲಾಸಿಗೇ ಹೋಗೋದಿಲ್ಲ. ಆ ದಿನ ಹಾಯೆನಿಸುತ್ತದೆ. ಆ ಹಾಯೇ ಮೋಸ. ತಪ್ಪಿಸಿಕೊಂಡಷ್ಟೂ ಕ್ಲಾಸು ಹುಲಿಯಾಗುತ್ತದೆ.

ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ 1924ರಲ್ಲಿ ಒಂದು ಪ್ರಯೋಗ ಬರೆದಿಟ್ಟರು. ಮೊಲ ಕಂಡರೆ ಅಳುತ್ತಿದ್ದ ಪೀಟರ್ ಎಂಬ ಮಗು. ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಇಂದಿಗೂ ದಾರಿ ಅದೇ. ಮೊದಲು ಒಬ್ಬನೇ ಗಟ್ಟಿಯಾಗಿ ಓದು. ಆಮೇಲೆ ರೂಮಿನವನ ಮುಂದೆ, ಆಮೇಲೆ ನಾಲ್ಕು ಜನರೆದುರು, ಆಮೇಲೆ ಕ್ಲಾಸು. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಓಡಬೇಡ. ಉಸಿರು ಮೆಲ್ಲಗೆ ಬಿಡುತ್ತ ನಿಲ್ಲು, ತಾನೇ ಇಳಿಯುತ್ತದೆ.

ಆದರೆ ಇಲ್ಲೊಂದು ನನ್ನ ತಕರಾರಿದೆ. ನಮ್ಮ ಹೆದರಿಕೆಗಳೆಲ್ಲ ಮೊಲಗಳಲ್ಲ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರು 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇರಬೇಕಾಯಿತು. ಗುರುತು ಸಿಕ್ಕಿದ ಮೇಲೆ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಆ ದಿನಗಳ ಅವರ ಹೆದರಿಕೆಯನ್ನು ಕಾಯಿಲೆ ಅನ್ನಲು ಯಾರಿಗೆ ಬಾಯಿ ಬಂದೀತು? ಜಾತಿ ಕೇಳಿ, ಮಾರ್ಕು ಕೇಳಿ ನಗುವವರೆದುರು ಬರುವ ನಡುಕಕ್ಕೆ ಉಸಿರಾಟದ ಪಾಠ ಸಾಲದು. ಏನಾಯಿತೆಂದು ತಾರೀಖು ಹಾಕಿ ಬರೆದಿಡಬೇಕು, ಜೊತೆಗಾರರನ್ನು ಕೂಡಿಕೊಂಡು ದೂರು ಕೊಡಬೇಕು. 1989ರ ದೌರ್ಜನ್ಯ ತಡೆ ಕಾಯ್ದೆ ಬೀರುವಿನಲ್ಲಿ ಧೂಳು ತಿನ್ನಲಿಕ್ಕೆ ಬಂದದ್ದಲ್ಲ. ಇದನ್ನೆಲ್ಲ ವಿಚಾರಿಸದೆ ‘ನಿನ್ನ ಯೋಚನೆ ಬದಲಿಸಿಕೋ’ ಅನ್ನುವ ಸಮಾಲೋಚಕ ಅರ್ಧ ಕಿವಿಯಲ್ಲಿ ಕೇಳಿದ ಹಾಗೆ.

ಕಷ್ಟ ಏನೆಂದರೆ, ಎರಡೂ ಕಲೆತುಬಿಡುತ್ತವೆ. ಒಂದು ಕಡೆ ಅವಮಾನ ಉಂಡವನು ಒಳ್ಳೆಯ ಮೇಷ್ಟರ ಕೋಣೆಯ ಬಾಗಿಲಲ್ಲೂ ಬೆವರುತ್ತಾನೆ. ಅವನಿಗೆ ದೂರೂ ಬೇಕು, ಆ ಬಾಗಿಲು ದಾಟುವ ಅಭ್ಯಾಸವೂ ಬೇಕು.

ಪಕ್ಕದ ಹಾಸಿಗೆಯವನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರೆ ತಮಾಷೆ ಮಾಡಬೇಡಿ, ತಾಯಿತ ಕಟ್ಟಿಸಲು ಓಡಬೇಡಿ. ಕೂತು ಕೇಳಿ. ಹೇಳಿದ್ದನ್ನು ಊರೆಲ್ಲ ಹಬ್ಬಿಸಬೇಡಿ. ಸಾಯುವ ಮಾತಾಡಿದರೆ ಮಾತ್ರ ಗುಟ್ಟು ಅಂತ ಇಟ್ಟುಕೊಳ್ಳಬೇಡಿ, ಒಬ್ಬನೇ ಬಿಡಲೂ ಬೇಡಿ. 2022ರಿಂದ ಸರ್ಕಾರದ ಟೆಲಿ ಮಾನಸ್ ಇದೆ, 14416. ಕಾಸಿಲ್ಲದೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಮೆಸ್ಸಿನ ಬಾಗಿಲ ಪಕ್ಕ ಇದ್ದಿಲಿನಲ್ಲಾದರೂ ಆ ನಂಬರು ದಪ್ಪಗೆ ಬರೆದಿಡಿ.