ಎರಡು ಸುರುಳಿಗಳ ನಂಟು

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು, ಆ ಅನುಭವ ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಇಡೀ ಸೇವೆಯ ಕಥೆ ಹೇಳಿ ನಿಮ್ಮನ್ನು ದಣಿಸುವುದಿಲ್ಲ. ಈ ಶಾಲೆಯಲ್ಲಿ ಕಲಿತ ಒಂದೇ ಒಂದು ಪಾಠ, ಅದು ನಿಜವಾಗಿ ಅರ್ಥವಾಗಲು ನನಗೆ ಎಷ್ಟು ವರ್ಷ ಬೇಕಾಯಿತು ಎಂಬುದನ್ನು ಹೇಳಿ ಕೂರುತ್ತೇನೆ.

ಹತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಮೇಜಿನ ಮೇಲೆ ಎರಡು ತಂತಿಯ ಸುರುಳಿ ಇಟ್ಟರು. ಒಂದಕ್ಕೆ ಬ್ಯಾಟರಿ, ಇನ್ನೊಂದಕ್ಕೆ ಗ್ಯಾಲ್ವನೋಮೀಟರ್. ಎರಡೂ ಒಂದಕ್ಕೊಂದು ತಾಗಿರಲಿಲ್ಲ. ಸ್ವಿಚ್ ಒತ್ತಿದಾಗ ಆಚೆಯ ಸುರುಳಿಯ ಮುಳ್ಳು ಜಿಗಿದು, ಮತ್ತೆ ಸೊನ್ನೆಗೆ ಬಂದು ನಿಂತಿತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಸಾರ್, ಸ್ವಿಚ್ ಇನ್ನೂ ಆನ್ ಇದೆ. ಮುಳ್ಳು ಯಾಕೆ ವಾಪಸ್ ಬಂತು?" ಮೇಷ್ಟ್ರು ಉತ್ತರ ಹೇಳದೆ ಸ್ವಿಚ್ ಆಫ್ ಮಾಡಿದರು. ಮುಳ್ಳು ಈ ಸಲ ಎದುರು ದಿಕ್ಕಿಗೆ ಜಿಗಿಯಿತು. "ಈಗ ನೀವೇ ಹೇಳಿ" ಎಂದರು.

1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದೂ ಇದನ್ನೇ. ಅವನು ಕಮ್ಮಾರನ ಮಗ. ಹೆಚ್ಚು ಶಾಲೆ ಕಂಡವನಲ್ಲ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ ಆ ಪುಸ್ತಕಗಳನ್ನೇ ಓದಿ ಬೆಳೆದವನು. ಮೆದು ಕಬ್ಬಿಣದ ಒಂದು ಬಳೆಗೆ ಎರಡು ಕಡೆ ತಾಮ್ರದ ತಂತಿ ಸುತ್ತಿದ. ಸುತ್ತುಗಳು ಒಂದಕ್ಕೊಂದು ತಾಗದಿರಲಿ ಎಂದು ನಡುವೆ ದಾರ, ಬಟ್ಟೆ ಸೇರಿಸಿದ. ಒಂದು ಸುರುಳಿಗೆ ಬ್ಯಾಟರಿ ಸೇರಿಸಿದಾಗ ಆಚೆ ಸುರುಳಿಯ ಬಳಿಯ ಸೂಜಿ ಅಲುಗಿತು, ತೆಗೆದಾಗ ಮತ್ತೆ ಅಲುಗಿತು. ನಡುವಿನ ಹೊತ್ತಿನಲ್ಲಿ ಸುಮ್ಮನಿತ್ತು.

ಇದೇ ಪರಸ್ಪರ ಪ್ರೇರಣೆ. ಒಂದು ಸುರುಳಿಯಲ್ಲಿ ಪ್ರವಾಹ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದರ ಒಂದು ಪಾಲು ಪಕ್ಕದ ಸುರುಳಿಯ ಒಳಗೂ ಹಾಯುತ್ತದೆ. ಅದು ಬರೀ ಇದ್ದರೆ ಏನೂ ಆಗದು. ಹೆಚ್ಚಾದರೆ ಅಥವಾ ಕಡಿಮೆಯಾದರೆ ಮಾತ್ರ ಪಕ್ಕದ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಹಿಂದಿನ ಬೆಂಚಿನವನ ಪ್ರಶ್ನೆಗೆ ಉತ್ತರ ಇಷ್ಟೇ: ಸ್ವಿಚ್ ಆನ್ ಇದ್ದರೂ ಪ್ರವಾಹದಲ್ಲಿ ಬದಲಾವಣೆ ನಿಂತಿತ್ತು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. ಅದಕ್ಕೇ ಅದರಿಂದ ಪಕ್ಕದ ಸುರುಳಿ ಸದಾ ಎಚ್ಚರವಾಗಿರುತ್ತದೆ.

ಮುಂದೆ ಕಾಲೇಜಿನಲ್ಲಿ ಇದನ್ನೇ ಲೆಕ್ಕವಾಗಿ ಕಲಿತೆ. ಮಕ್ಕಳೇ, ಹೆದರಬೇಡಿ, ಲೆಕ್ಕ ಸರಳವಾಗಿದೆ. ಒಂಟಿ ಸುರುಳಿಯ ವೋಲ್ಟೇಜ್ ಬೇಕಾದರೆ ಅದರ ಸ್ವಪ್ರೇರಕತೆಯನ್ನು ಅದರ ಪ್ರವಾಹ ಬದಲಾಗುವ ವೇಗದಿಂದ ಗುಣಿಸಬೇಕು. ಪಕ್ಕದಲ್ಲಿ ಇನ್ನೊಂದು ಸುರುಳಿ ಇದ್ದರೆ ಇನ್ನೊಂದು ಪದ ಸೇರುತ್ತದೆ: ಪರಸ್ಪರ ಪ್ರೇರಕತೆ ಗುಣಿಸು ಪಕ್ಕದ ಪ್ರವಾಹ ಬದಲಾಗುವ ವೇಗ. ಎರಡು ಸುರುಳಿಗೆ ಎರಡು ಸಮೀಕರಣ. ಎರಡನ್ನೂ ಒಟ್ಟಿಗೆ ಬಿಡಿಸಬೇಕು, ಏಕೆಂದರೆ ಇವನ ಸುಖದುಃಖ ಅವನದರಲ್ಲೂ ಸೇರಿದೆ.

ಇಲ್ಲಿ ಎಡವುವುದು ಚಿಹ್ನೆಯಲ್ಲಿ. ಎರಡನೇ ಪದವನ್ನು ಕೂಡಿಸಬೇಕೋ ಕಳೆಯಬೇಕೋ? ತಂತಿ ಸುತ್ತಿದ ದಿಕ್ಕನ್ನು ಅದು ಅವಲಂಬಿಸಿದೆ. ಸುತ್ತಿ ಮುಚ್ಚಿದ ಮೇಲೆ ದಿಕ್ಕು ಕಣ್ಣಿಗೆ ಕಾಣದು. ಅದಕ್ಕೆ ಪ್ರತಿ ಸುರುಳಿಯ ಒಂದು ತುದಿಗೆ ಚುಕ್ಕೆ ಇಡುತ್ತಾರೆ. ಎರಡೂ ಪ್ರವಾಹ ಚುಕ್ಕೆಯ ತುದಿಯಿಂದಲೇ ಒಳಹೊಕ್ಕರೆ ಕೂಡಿಸು. ಒಂದು ಚುಕ್ಕೆಯಿಂದ ಒಳಹೊಕ್ಕು, ಇನ್ನೊಂದು ಚುಕ್ಕೆಯಿಂದ ಹೊರಬಂದರೆ ಕಳೆ.

ಒಂದು ಉದಾಹರಣೆ. ಒಂದು ಸುರುಳಿ 4 ಮಿಲಿಹೆನ್ರಿ, ಇನ್ನೊಂದು 9. ಎರಡನ್ನೂ ಸರಣಿಯಲ್ಲಿ ಜೋಡಿಸಿ ಅಳೆದರೆ 13 ಬರಬೇಕಲ್ಲವೇ? ಹತ್ತಿರ ಇಟ್ಟಾಗ 19 ಬಂತು ಎನ್ನಿ. ಒಂದು ಸುರುಳಿಯ ತುದಿಗಳನ್ನು ಅದಲುಬದಲು ಮಾಡಿದರೆ 7 ಬರುತ್ತದೆ. ಮೊದಲ ಜೋಡಣೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಹೆಗಲು ಕೊಟ್ಟರು, ಎರಡನೆಯದರಲ್ಲಿ ಎದುರು ನಿಂತರು. ವ್ಯತ್ಯಾಸ 12. ಅದನ್ನು ನಾಲ್ಕರಿಂದ ಭಾಗಿಸಿ: 3 ಮಿಲಿಹೆನ್ರಿ. ಅದೇ ಅವುಗಳ ಪರಸ್ಪರ ಪ್ರೇರಕತೆ. ಯಾಕೆ ನಾಲ್ಕು? ಒಂದನೆಯದು ಎರಡನೆಯದರ ಮೇಲೆ ಒಂದು ಪಾಲು, ಎರಡನೆಯದು ಒಂದನೆಯದರ ಮೇಲೆ ಒಂದು ಪಾಲು. ಕೂಡಿದಾಗ ಎರಡು ಹೆಚ್ಚು, ಕಳೆದಾಗ ಎರಡು ಕಡಿಮೆ. ಈ ಜೋಡಿಗೆ ಪರಸ್ಪರ ಪ್ರೇರಕತೆ 6ನ್ನು ಮೀರಲಾರದು, ನಾಲ್ಕು ಒಂಬತ್ತಲ ಮೂವತ್ತಾರರ ವರ್ಗಮೂಲವೇ ಅದರ ಗಡಿ. ನಮಗೆ ಸಿಕ್ಕದ್ದು ಅದರ ಅರ್ಧ.

ಈ ಲೆಕ್ಕದಲ್ಲಿ ಒಂದು ಮಾತು ಅಡಗಿದೆ. ಒಂದನೆಯದು ಎರಡನೆಯದರ ಮೇಲೆ ಬೀರುವ ಪ್ರಭಾವಕ್ಕೂ ಎರಡನೆಯದು ಒಂದನೆಯದರ ಮೇಲೆ ಬೀರುವ ಪ್ರಭಾವಕ್ಕೂ ನಾನು ಒಂದೇ ಸಂಖ್ಯೆ ಬಳಸಿದೆ. ಒಂದಕ್ಕೆ ಹತ್ತು ಸುತ್ತು, ಇನ್ನೊಂದಕ್ಕೆ ಸಾವಿರ ಸುತ್ತು ಇದ್ದರೂ ಆ ಸಂಖ್ಯೆ ಎರಡೂ ಕಡೆಗೆ ಒಂದೇ. 1845ರಲ್ಲಿ ಜರ್ಮನಿಯ ಫ್ರಾಂಜ್ ನಾಯ್ಮನ್ ಕೊಟ್ಟ ಸೂತ್ರದಲ್ಲಿ ಇದು ಎದ್ದು ಕಾಣುತ್ತದೆ: ಯಾವ ಸುರುಳಿಯನ್ನು ಮೊದಲನೆಯದು ಎಂದು ಕರೆದರೂ ಉತ್ತರ ಬದಲಾಗದು. ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಪೂರ್ತಿ ಅಂಕ ಪಡೆದಿದ್ದೆ.

ನಾವು ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರ್ ಎಂದರೆ ಒಂದೇ ಕಬ್ಬಿಣದ ತಿರುಳಿಗೆ ಸುತ್ತಿದ ಇಂಥ ಸುರುಳಿಗಳೇ. ನಮ್ಮ ರಾಜ್ಯದಲ್ಲಿ ಇದರ ಉಪಕಾರ ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ತಲುಪಿತು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು. ಅಷ್ಟು ದೂರ ಸಾಗಿಸಲು ವೋಲ್ಟೇಜ್ ಏರಿಸಬೇಕು, ಬಳಸಲು ಇಳಿಸಬೇಕು. ಊರಿನ ಟಿಸಿ ಮಾಡುವುದು ಇಳಿಸುವ ಕೆಲಸ: 11,000 ವೋಲ್ಟ್ ಒಳಗೆ, ಮನೆಗೆ ಸುಮಾರು 230 ಹೊರಗೆ. ಹಾಗೆಂದೇ ನಾವೆಲ್ಲ ತಿಳಿದಿದ್ದೇವೆ. ನಾನೂ ಹಾಗೇ ತಿಳಿದಿದ್ದೆ.

ಕೆಲಸಕ್ಕೆ ಸೇರಿದ ಹೊಸತು. ಮಳೆಗಾಲ. ಊರಾಚೆ 11,000 ವೋಲ್ಟ್‌ನ ತಂತಿಯ ಮೇಲೆ ಮರ ಬಿದ್ದಿತ್ತು. ಮೇಲಿನ ಸ್ವಿಚ್ ತೆಗೆಸಿ, ಲೈನ್ ಕ್ಲಿಯರ್ ಪಡೆದು ಬಂದೆವು. ಕತ್ತಲಾಗುತ್ತಿತ್ತು. ನಾನು ಹಿರಿಯ ಲೈನ್‌ಮ್ಯಾನ್‌ಗೆ, "ಸ್ವಿಚ್ ತೆಗೆದಾಗಿದೆಯಲ್ಲ, ಹತ್ತಿ ಬಿಡಿ ಅಣ್ಣಾ" ಎಂದೆ. ಅವರು ನನ್ನ ಮುಖ ನೋಡಿ, "ತೆಗೆದದ್ದು ಆ ಕಡೆ ಸ್ವಾಮಿ. ಈ ಕಡೆ ಯಾರು ನೋಡಿದ್ದಾರೆ?" ಎಂದು ಕೋಲಿನ ತುದಿಗೆ ಟೆಸ್ಟರ್ ಸಿಕ್ಕಿಸಿ ಎತ್ತಿ ಹಿಡಿದರು. ತಂತಿಯಲ್ಲಿ ವಿದ್ಯುತ್ತಿತ್ತು.

ಹುಡುಕಿಕೊಂಡು ಹೋದೆವು. ಕರೆಂಟ್ ಹೋಗಿದೆ ಎಂದು ಒಂದು ತೋಟದ ಮನೆಯವರು ಜನರೇಟರ್ ಓಡಿಸುತ್ತಿದ್ದರು. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸಿದ್ದರು. ಮೇನ್ ಸ್ವಿಚ್ ಆಫ್ ಮಾಡಿರಲಿಲ್ಲ. ಮನೆಯ 230 ವೋಲ್ಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು ಟಿಸಿ ಸೇರಿತ್ತು. ಆ ಟಿಸಿಯ ಒಂದೊಂದು ಫೇಸಿಗೆ ಮೇಲಿನ ಸುತ್ತುಗಳು ಕೆಳಗಿನ ಸುತ್ತುಗಳ 44 ಪಟ್ಟು. 230ನ್ನು 44ರಿಂದ ಗುಣಿಸಿ: 10,120 ವೋಲ್ಟ್. ಇಳಿಸುವ ಟಿಸಿ ಏರಿಸುವ ಟಿಸಿಯಾಗಿತ್ತು. ತಾನು ಯಾವ ಕಡೆಯಿಂದ ಕೆಲಸ ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಲ್ಲ, ಎರಡೂ ಕಡೆಗೆ ಸಂಖ್ಯೆ ಒಂದೇ. ಟಿಸಿಯ ಮೇಲೆ ಬೇರೆ ಮನೆಗಳ ಹೊರೆ ಹೆಚ್ಚಿದ್ದರೆ ಸಣ್ಣ ಜನರೇಟರ್ ತಡೆಯಲಾರದೆ ನಿಂತುಹೋಗುತ್ತದೆ. ಅಂದು ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಆಫ್ ಆಗಿದ್ದವು. ಅದು ನಿಲ್ಲಲಿಲ್ಲ.

ಪೂರ್ತಿ ಅಂಕ ಪಡೆದವನು ನಾನು. ಆ ಸಮೀಕರಣದ ಅರ್ಥ ಕಂಬದ ಬುಡದಲ್ಲಿ ಗೊತ್ತಿದ್ದದ್ದು, ಕಾಲೇಜು ಮೆಟ್ಟಿಲು ಹತ್ತದ ಆ ಅಣ್ಣನಿಗೆ. ಅವರು ನನ್ನ ಮಾತು ಕೇಳಿ ಹತ್ತಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುವ ಮುಖ ಇರುತ್ತಿರಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ, ಟೆಸ್ಟರ್ ಎತ್ತದೆ, ಕೆಲಸದ ಜಾಗದ ಎರಡೂ ಕಡೆ ಅರ್ತಿಂಗ್ ಮಾಡದೆ, ಯಾರನ್ನೂ ಕಂಬ ಹತ್ತಿಸಲಿಲ್ಲ.

ಮಕ್ಕಳೇ, ನಿಮಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲೋ ಗಿರಣಿಯಲ್ಲೋ ತೋಟದಲ್ಲೋ ಜನರೇಟರ್ ಇದ್ದರೆ ಅದು ಚೇಂಜ್‌ಓವರ್ ಸ್ವಿಚ್ಚಿನ ಮೂಲಕವೇ ಸೇರಿದೆಯೇ ಎಂದು ಅಪ್ಪ ಅಮ್ಮನನ್ನು ಕೇಳಿ. ಆ ಸ್ವಿಚ್ಚಿನಲ್ಲಿ ಹಿಡಿ ಒಂದು ಕಡೆ ಇದ್ದರೆ ಬೀದಿಯ ಕರೆಂಟು, ಇನ್ನೊಂದು ಕಡೆ ಇದ್ದರೆ ಜನರೇಟರ್. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಕಂಡರೆ ನೀವು ಮುಟ್ಟಬೇಡಿ, ದೊಡ್ಡವರಿಗೆ ಹೇಳಿ ತೆಗೆಸಿ. ನಿಮ್ಮ ಮನೆಯ ಬೆಳಕು ಮೂರು ಮೈಲಿ ಆಚೆ ಕಂಬದ ಮೇಲಿರುವ ಒಬ್ಬ ಮನೆಯೊಡೆಯನ ಜೀವಕ್ಕೆ ಎರವಾಗಬಾರದು.

ಪಾಠದಲ್ಲಿ ಸಮಾನ ಚಿಹ್ನೆ ಕಂಡಾಗ ಎಡದಿಂದ ಬಲಕ್ಕೆ ಓದಿ ಮುಗಿಸಬೇಡಿ. ಬಲದಿಂದ ಎಡಕ್ಕೂ ಒಮ್ಮೆ ಓದಿ. ಅರ್ಥವಾಗದಿದ್ದರೆ, ಹಿಂದಿನ ಬೆಂಚಿನಿಂದಾದರೂ ಸರಿ, ಎದ್ದು ಕೇಳಿ. ಹಾಗೆ ಕೇಳಿದವನಿಗೆ ಬೈಯದ ಮೇಷ್ಟ್ರು ನಮಗೆ ಈ ಶಾಲೆಯಲ್ಲಿ ಸಿಕ್ಕಿದ್ದರು. ಐವತ್ತು ವರ್ಷ ತುಂಬಿದ ಈ ಶಾಲೆಗೆ ನನ್ನ ಋಣ ಅದೇ.